ಬಂಗುಡೆಯ ಹೊಟ್ಟೆ

ಕೊಟ್ಟಾರ, ಮಂಗಳೂರು
9 ಜುಲೈ 2024

ಪಕ್ಕದ ಮನೆಯ ಜೂಲಿ ಬಾಯಮ್ಮನವರಿಗೆ,

ನಮ್ಮಲ್ಲಿ ಎಲ್ಲರೂ ಕ್ಷೇಮ, ಒಂದು ಬೆಕ್ಕಿನ ಮರಿಯನ್ನು ಬಿಟ್ಟು. ನಿಮ್ಮ ಕ್ಷೇಮ ನನಗೆ ಕಾಂಪೌಂಡಿನ ಈಚೆಯಿಂದಲೇ ಕಾಣುತ್ತದೆ, ಕೇಳಬೇಕೆಂದಿಲ್ಲ.

ನಾವು ಮಾತು ಬಿಟ್ಟು ಎಂಟು ವರ್ಷ ಆಯಿತು. ಬಿಟ್ಟದ್ದು ಮಾತನ್ನು. ಬರೆಯುವುದಿಲ್ಲ ಎಂದು ನಾನು ಎಲ್ಲಿಯೂ ಹೇಳಿದ್ದಿಲ್ಲ. ಹಾಗಾಗಿ ಕಾಗದ ಬರೆದ ಕೂಡಲೇ ಹೇಮಾಕ್ಷಿ ಸೋತಳು ಎಂದು ತಿಳಿಯಬೇಡಿ. ಮನೆಯಲ್ಲಿ ಮಾತಾಡುವುದು ತುಳು, ಬರೆಯಲಿಕ್ಕೆ ಬರುವುದು ಐದನೇ ಕ್ಲಾಸಿನವರೆಗೆ ಕಲಿತ ಕನ್ನಡ. ತಪ್ಪು ಕಂಡರೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ವಿಷಯಕ್ಕೆ ಬರುತ್ತೇನೆ. ಮೇ ತಿಂಗಳ ಕೊನೆಗೆ ನನ್ನ ಮೊಮ್ಮಗಳು ಮೋಕ್ಷಾ ಸರ್ವಿಸ್ ರೋಡಿನ ಚರಂಡಿಯಿಂದ ಒಂದು ಮರಿಯನ್ನು ಎತ್ತಿಕೊಂಡು ಬಂದಳು. ಬೆನ್ನಿನ ಮೇಲೆ ಬಂಗುಡೆ ಮೀನಿನ ಹಾಗೆ ಗೆರೆ ಇತ್ತು, ಹಾಗಾಗಿ ಬಂಗುಡೆ ಎಂದೇ ಕರೆದೆವು. ಈಗ ಮೂರು ವಾರದಿಂದ ಅದಕ್ಕೆ ಭೇದಿ. ಒಂದು ದಿನ ನಿಂತಿತು ಎಂದರೆ ಮರುದಿನ ಎರಡರಷ್ಟು. ನನ್ನ ಮಗ ಮೋಹನದಾಸ ತನ್ನ ಅಂಗಡಿಯದ್ದೇ ಬಿಳಿ ಟೈಲ್ಸ್ ತಂದು ಹಾಲ್‌ಗೆ ಹಾಕಿಸಿ ನಾಲ್ಕು ತಿಂಗಳಾಗಿಲ್ಲ. ಮರಿಗೆ ಊರೆಲ್ಲ ಬಿಟ್ಟು ಅದೇ ಬೇಕು. ಮೊನ್ನೆ ಅವನು ಒಂದು ಕಾಲೆತ್ತಿ ಕೊಕ್ಕರೆಯ ಹಾಗೆ ನಿಂತು ನನ್ನನ್ನು ಕರೆದ.

"ಅಮ್ಮ, ಚೌತಿಗೆ ಮನೆಗೆ ಜನ ಬರ್ತಾರೆ. ಅಷ್ಟರ ಒಳಗೆ ಇದರ ಹೊಟ್ಟೆ ಸರಿ ಆಗದಿದ್ರೆ ನಾನು ಬಂದರಿನ ಧಕ್ಕೆಗೆ ಬಿಟ್ಟು ಬರ್ತೇನೆ. ಅಲ್ಲಿ ಬೇಕಾದಷ್ಟು ಮೀನು ಉಂಟು."

ಧಕ್ಕೆಯಲ್ಲಿ ಮೀನೂ ಉಂಟು, ಮೀನಿನ ಬುಡದಲ್ಲಿ ಕಾದು ಕೂತ ಗಡವ ಬೆಕ್ಕುಗಳೂ ಉಂಟು. ಅಂಗೈಯಷ್ಟಿನ ಮರಿಯನ್ನು ಅವು ಒಂದು ದಿನ ಉಳಿಸುವುದಿಲ್ಲ. ಅದು ಅವನಿಗೂ ಗೊತ್ತು.

ನಾನು ಹಾಕುವುದು ಬರೀ ಅನ್ನ, ಬೇಯಿಸಿದ ಮೀನು. ಅದರಿಂದ ಹೀಗೆ ಆಗಲಿಕ್ಕಿಲ್ಲ. ಆದರೆ ಮರಿ ದಿನವೂ ನಿಮ್ಮ ಗೋಡೆ ಹಾರುತ್ತದೆ. ಹೋಗುವಾಗ ಹಸಿದ ಹೊಟ್ಟೆ, ಬರುವಾಗ ಮೂತಿ ನೆಕ್ಕುತ್ತದೆ. ನೀವು ಎಂತ ಹಾಕುತ್ತೀರಿ ಎಂದು ನಾನು ಕೇಳುವುದಿಲ್ಲ. ಹಾಕುವುದನ್ನು ನಿಲ್ಲಿಸಿ. ಉತ್ತರ ಬರೆಯುವ ಕಷ್ಟ ಬೇಡ.

ಹೇಮಾಕ್ಷಿ

•

11 ಜುಲೈ 2024

ಶ್ರೀಮತಿ ಹೇಮಾಕ್ಷಿಯವರಿಗೆ,

ಉತ್ತರ ಬೇಡ ಎಂದಿದ್ದೀರಿ. ಆದರೆ ತಪ್ಪು ಮಾಹಿತಿಯನ್ನು ಹಾಗೆಯೇ ಬಿಡುವ ಅಭ್ಯಾಸ ನನಗಿಲ್ಲ.

ಅವನ ಹೆಸರು ಪ್ರಿನ್ಸ್. ಸಂಜೆ ಆರೂವರೆಗೆ ಬರುತ್ತಾನೆ. ನನ್ನ ಅಣ್ಣ ಆಂಬ್ರೋಸ್ ಹೋದ ಮೇಲೆ ಅವನ ಕುರ್ಚಿಯಲ್ಲಿ ಯಾರೂ ಕುಳಿತಿರಲಿಲ್ಲ. ಮರಿ ಮೊದಲ ದಿನವೇ ಹತ್ತಿ ಕುಳಿತಿತು, ನಾನು ಇಳಿಸಲಿಲ್ಲ. ಉಪ್ಪಿಲ್ಲದೆ ಬೇಯಿಸಿದ ಕೋಳಿಯ ನಾಲ್ಕು ಚೂರು ಹಾಕುತ್ತೇನೆ, ಬೇರೆ ಏನಿಲ್ಲ. ಮಸ್ಕತ್‌ನ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ದುಡಿದವಳಿಗೆ ಹೊಟ್ಟೆ ಕೆಟ್ಟ ಮರಿಗೆ ಎಂತ ಹಾಕಬೇಕು ಎಂದು ಗೊತ್ತುಂಟು.

ನೀವು ಹಾಲು ಕೊಡುತ್ತಿದ್ದೀರಾ? ದನದ ಹಾಲು ಬೆಕ್ಕಿನ ಮರಿಗಳಿಗೆ ಜೀರ್ಣ ಆಗುವುದಿಲ್ಲ. ಭೇದಿಗೆ ಅದೊಂದೇ ಸಾಕು.

ಜೂಲಿ

•

12 ಜುಲೈ 2024

ಬಾಯಮ್ಮನವರೇ,

ಒಂದು ತೊಟ್ಟು ಹಾಲೂ ನನ್ನ ಕೈಯಿಂದ ಅದರ ಬಾಯಿಗೆ ಹೋಗಿಲ್ಲ.

ಪ್ರಿನ್ಸ್ ಅಂತೆ! ರಾಜಕುಮಾರ ನಮ್ಮ ಟೈಲ್ಸಿನ ಮೇಲೆ ಮಾಡಿಟ್ಟದ್ದನ್ನು ಒರೆಸಲಿಕ್ಕೆ ಯಾವ ದಾಸಿಯನ್ನು ಕಳುಹಿಸುತ್ತೀರಿ?

ಹೇಮಾಕ್ಷಿ

•

3 ಆಗಸ್ಟ್ 2024
ಬೆಳಿಗ್ಗೆ ಹತ್ತು ಗಂಟೆ

ಜೂಲಿ ಬಾಯಮ್ಮನವರಿಗೆ,

ಇದು ಜಗಳದ ಕಾಗದ ಅಲ್ಲ. ಬೇಗ ಓದಿ.

ಸೋಮವಾರ ನಾನು ದೀಪೇಶನ ಆಟೋ ಮಾಡಿ ಮರಿಯನ್ನು ನಂತೂರಿನ ಹತ್ತಿರದ ಪ್ರಾಣಿ ಡಾಕ್ಟರರಲ್ಲಿಗೆ ಕೊಂಡುಹೋಗಿದ್ದೆ. ಹಿತೇಶ್ ಎಂದು ಹೆಸರು, ಮೀಸೆ ಈಗಷ್ಟೇ ಬಂದವ. ಒಂದು ಕಹಿ ಸಿರಪ್ ಕೊಟ್ಟ, ದಿನಕ್ಕೆ ಎರಡು ಸಲ, ಸಿರಿಂಜಿನಲ್ಲಿ ಅಳೆದು. ಐದು ದಿನದಿಂದ ತಪ್ಪದೆ ಕುಡಿಸುತ್ತಿದ್ದೇನೆ. ಇವತ್ತು ಎದ್ದು ನೋಡಿದರೆ ಬಂಗುಡೆಯ ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು. ಎರಡು ಹೆಜ್ಜೆ ಇಟ್ಟರೆ ಹಿಂದಿನ ಕಾಲು ಒಂದು ಕಡೆಗೆ ಹೋಗುತ್ತದೆ, ತಲೆ ನಡುಗುತ್ತದೆ. ಪಾತ್ರೆಯ ಎದುರು ಕೂತು ಪಾತ್ರೆ ಎಲ್ಲಿ ಎಂದು ಹುಡುಕುತ್ತದೆ.

ಡಾಕ್ಟರಿಗೆ ಫೋನು ಮಾಡಿದೆ. "ಅಜ್ಜಿ, ನಾನು ಹೇಳಿದಷ್ಟೇ ಕೊಟ್ಟದ್ದಾ? ಹೆಚ್ಚು ಹೋಗಿದೆಯಾ?" ಎಂದು ಕೇಳಿದ. ನಾನು ಹೆಚ್ಚು ಕೊಟ್ಟಿಲ್ಲ. ನಿಮ್ಮಲ್ಲಿ ಅದಕ್ಕೆ ಎಂತ ಹೋಗಿದೆ? ಬೈಯುವುದಿಲ್ಲ. ಈಗಲೇ ಬರೆಯಿರಿ. ಕಾಗದವನ್ನು ನಿಮ್ಮ ಪೆಟ್ಟಿಗೆಗೆ ಹಾಕಿ ಬೆಲ್ ಒತ್ತಿ ನಾನು ಗೇಟಿನಲ್ಲೇ ನಿಂತಿರುತ್ತೇನೆ.

ಹೇಮಾಕ್ಷಿ

•

ಅದೇ ಕಾಗದದ ಹಿಂಬದಿ

ನಾನೂ ಅವನನ್ನು ಮಂಗಳವಾರ ಅತ್ತಾವರದ ಡಾಕ್ಟರರಿಗೆ ತೋರಿಸಿದ್ದೆ. ಬಿಸ್ಕತ್ತಿನ ಬುಟ್ಟಿಯಲ್ಲಿ, ನೀವು ಮಧ್ಯಾಹ್ನ ಮಲಗಿದ್ದಾಗ. ಅವರು ಕೊಟ್ಟದ್ದೂ ಅದೇ ಸಿರಪ್, ಅದೇ ಅಳತೆ. ಸಂಜೆ ಬಂದಾಗ ಒಂದು ಸಲ, ಬೆಳಿಗ್ಗೆ ಗೋಡೆಯ ಮೇಲೆ ಬಿಸಿಲು ಕಾಯುವಾಗ ಇನ್ನೊಂದು ಸಲ ಕುಡಿಸಿದ್ದೇನೆ.

ನಾಲ್ಕು ದಿನ ಅವನಿಗೆ ಎರಡರಷ್ಟು ಮದ್ದು ಹೋಗಿದೆ. ಎರಡು ಡಾಕ್ಟರು, ಎರಡು ಚೀಟಿ, ಎರಡು ಹೆಸರು. ಇದು ನನ್ನ ಕೆಲಸದಲ್ಲಿ ಎಂದೂ ಆಗದ ತಪ್ಪು.

ಇನ್ನು ಒಂದು ಹನಿಯೂ ಕೊಡಬೇಡಿ. ಕೂಡಲೇ ಆಟೋ ಕರೆಯಿರಿ. ನನ್ನ ಬಾಟಲಿ ಮತ್ತು ಚೀಟಿಯನ್ನು ಈ ಕಾಗದದ ಜೊತೆ ಕಟ್ಟಿದ್ದೇನೆ, ಎರಡನ್ನೂ ಡಾಕ್ಟರ ಎದುರು ಇಡಿ. ಅವನ ಹೊಟ್ಟೆಗೆ ಹೋಗುವ ಪ್ರತಿಯೊಂದನ್ನೂ ಹೇಳಿ, ಸಣ್ಣದು ಎಂದು ಬಿಡಬೇಡಿ.

ಜೂಲಿ

•

6 ಆಗಸ್ಟ್ 2024

ಜೂಲಿ ಬಾಯಮ್ಮನವರಿಗೆ,

ನಡುಕ ನಿಂತಿದೆ. ಮೊದಲು ಅದನ್ನು ಬರೆಯುತ್ತೇನೆ, ಯಾಕೆಂದರೆ ನೀವು ಮೂರು ದಿನದಿಂದ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಗೋಡೆಯ ಹತ್ತಿರ ನಿಂತಿದ್ದೀರಿ. ಸುರಿಯುವ ಮಳೆಯಲ್ಲಿ ಗಿಡಕ್ಕೆ ನೀರು ಹಾಕುವವರನ್ನು ನಾನು ಈ ಓಣಿಯಲ್ಲಿ ಮೊದಲ ಸಲ ಕಂಡದ್ದು.

ಶನಿವಾರ ಡಾಕ್ಟರು ಎರಡು ಬಾಟಲಿಯನ್ನೂ ಪಕ್ಕಪಕ್ಕ ಇಟ್ಟು, ಒಮ್ಮೆ ಅವನ್ನು ನೋಡಿದ, ಒಮ್ಮೆ ನನ್ನನ್ನು. "ಈ ಬಂಗುಡೆ ಮತ್ತು ಈ ಪ್ರಿನ್ಸ್ ಒಂದೇ ಬೆಕ್ಕಾ ಅಜ್ಜಿ?" ಎಂದ. ಹೌದು ಎಂದೆ. "ಪಕ್ಕದ ಮನೆಯವರ ಹತ್ತಿರ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದ. ಮಾತು ಬಿಟ್ಟ ಕಥೆಯನ್ನು ಈಗಷ್ಟೇ ಮೀಸೆ ಬಂದ ಹುಡುಗನಿಗೆ ಹೇಗೆ ಹೇಳುವುದು? ಸೂಜಿಯಲ್ಲಿ ಚರ್ಮದ ಅಡಿಗೆ ನೀರು ಕೊಟ್ಟ. ಎರಡು ದಿನದಲ್ಲಿ ಕಾಲು ನೆಟ್ಟಗಾಯಿತು. ಆದರೆ ಭೇದಿ ಇದ್ದ ಹಾಗೆಯೇ ಉಂಟು. ಮೂರು ದಿನದ ಕಕ್ಕವನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ತರಬೇಕಂತೆ, ಪರೀಕ್ಷೆ ಮಾಡಲಿಕ್ಕೆ. ಈ ಪ್ರಾಯದಲ್ಲಿ ನಾನು ಬೆಕ್ಕಿನ ಹೇಲನ್ನು ಚಮಚದಲ್ಲಿ ತೆಗೆದು ತಾರೀಕು ಬರೆಯುತ್ತಿದ್ದೇನೆ.

ಇನ್ನೊಂದು. ಹೊಟ್ಟೆಗೆ ಹೋಗುವುದೆಲ್ಲ ಹೇಳಿ ಎಂದಿದ್ದಿರಿ. ಡಾಕ್ಟರು ಮೊದಲ ದಿನವೇ "ಹಾಲು ಕೊಡ್ತೀರಾ?" ಎಂದು ಕೇಳಿದ್ದ, ಇಲ್ಲ ಎಂದೆ. ನೀವು ಕೇಳಿದಾಗಲೂ ಇಲ್ಲ ಎಂದು ಬರೆದೆ. ಕೊಡುತ್ತೇನೆ. ದಿನವೂ ಬೆಳಿಗ್ಗೆ ಮೋಹನದಾಸ ಏಳುವ ಮೊದಲು, ಹಾಲು ಕಾದ ಮೇಲೆ ಕೆನೆ ಸಮೇತ ಒಂದು ತೆಂಗಿನ ಗೆರಟೆಯಲ್ಲಿ. ಕುಡಿದು ನನ್ನ ಸೀರೆಯ ಮೇಲೆ ಸುತ್ತಿಕೊಂಡು ಮಲಗುತ್ತದೆ. ಅರ್ಧ ಗಂಟೆ ನಾನು ಏಳುವುದಿಲ್ಲ. ಆ ಅರ್ಧ ಗಂಟೆಗೆ ಬೇಕಾಗಿ ಕೊಟ್ಟದ್ದು. ಬೆಕ್ಕಿಗೆ ಹಾಲು ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನ್ನ ಅಜ್ಜಿ ಅವರನ್ನು ಹುಚ್ಚರ ಆಸ್ಪತ್ರೆಗೆ ಕಳುಹಿಸುತ್ತಿದ್ದಳು.

ಇವತ್ತು ಕೊಡಲಿಲ್ಲ. ಗೆರಟೆಯ ಎದುರು ಕೂತು ನನ್ನ ಮುಖ ನೋಡಿತು. ನಾನು ಒಳಗೆ ಹೋದೆ.

ಹೇಮಾಕ್ಷಿ

•

8 ಆಗಸ್ಟ್ 2024

ಹೇಮಾಕ್ಷಿಯವರಿಗೆ,

ಹಾಲಿನ ವಿಷಯ ಬರೆದದ್ದಕ್ಕೆ ಥ್ಯಾಂಕ್ಸ್. ಬರೆಯುವುದು ಸುಲಭ ಇರಲಿಲ್ಲ ಎಂದು ಗೊತ್ತು.

ಹಾಲು ನಿಂತದ್ದು ಒಳ್ಳೆಯದಾಯಿತು. ಆದರೆ ಏಳು ವಾರದ ಭೇದಿ ಹಾಲೊಂದರಿಂದ ಎಂದು ನನಗೆ ಅನಿಸುವುದಿಲ್ಲ. ಪರೀಕ್ಷೆಯ ಚೀಟಿ ಬಂದ ಕೂಡಲೇ ಪೆಟ್ಟಿಗೆಗೆ ಹಾಕಿ. ಇನ್ನು ಮದ್ದು ಕೊಡುವ ಕೈ ಒಂದೇ ಇರಬೇಕು. ನೀವೇ ಕೊಡಿ, ನಾನು ಮುಟ್ಟುವುದಿಲ್ಲ.

ಗಿಡಕ್ಕೆ ನೀರು ಹಾಕುವುದು ನನ್ನ ಇಷ್ಟ.

ಜೂಲಿ

•

13 ಆಗಸ್ಟ್ 2024

ಜೂಲಿ ಬಾಯಮ್ಮನವರಿಗೆ,

ಚೀಟಿ ಬಂತು, ಇದರೊಟ್ಟಿಗೆ ಇಟ್ಟಿದ್ದೇನೆ. ಗಿಯಾರ್ಡಿಯಾ ಎಂದು ಹೆಸರು. ಕಣ್ಣಿಗೆ ಕಾಣದ ಜಾತಿಯದ್ದು. ಕೊಳಕು ನೀರಿನಲ್ಲಿ, ಒದ್ದೆ ಜಾಗದಲ್ಲಿ ಇರುತ್ತದಂತೆ. ಚರಂಡಿಯಲ್ಲಿ ಬಿದ್ದಿದ್ದಾಗಲೇ ಹೊಟ್ಟೆಗೆ ಸೇರಿರಬೇಕು. ಐದು ದಿನ ಬೇರೆ ಮದ್ದು ಕೊಡಲಿಕ್ಕೆ ಉಂಟು. ಮದ್ದಿನಿಂದ ಮಾತ್ರ ಹೋಗುವುದಿಲ್ಲವಂತೆ. ಮರಿ ಹೇತು, ಅದೇ ಕಾಲನ್ನು ನೆಕ್ಕಿ, ಪುನಃ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಡಾಕ್ಟರು ಹೇಳಿದ್ದು ಹೀಗೆ: "ಅಜ್ಜಿ, ನಿಮ್ಮ ಮನೆ ತೊಳೆದು, ಅವರ ಮನೆ ತೊಳೆಯದಿದ್ರೆ ಅದು ಅಲ್ಲಿಂದ ತಕ್ಕೊಂಡು ಬರ್ತದೆ. ಎರಡು ಮನೆಯಲ್ಲೂ ಒಂದೇ ದಿನ ಆಗ್ಬೇಕು."

ಪಾತ್ರೆಗೆ ಕುದಿಯುವ ನೀರು. ಮಲಗುವ ಬಟ್ಟೆಯನ್ನು ಬೇಯಿಸಿ ಖಣಖಣ ಒಣಗಿಸಬೇಕು. ಮರಳಿನ ಟಬ್ಬಿನ ಹಳೆಯ ಮರಳು ಎಲ್ಲ ಹೊರಗೆ. ಕೊನೆಗೆ ಮರಿಗೆ ಸ್ನಾನ, ಹಿಂಬದಿ ಚೆನ್ನಾಗಿ ತಿಕ್ಕಿ. ಮನುಷ್ಯರಿಗೂ ಬರಬಹುದು, ಮುಟ್ಟಿದ ಕೂಡಲೇ ಸಾಬೂನಿನಲ್ಲಿ ಕೈ ತೊಳೆಯಿರಿ. ನರ್ಸಿಗೆ ಇದನ್ನು ಹೇಳುವ ಭಾಗ್ಯ ನನಗೆ ಸಿಕ್ಕಿತಲ್ಲ!

ಒಣಗಿಸಲಿಕ್ಕೆ ಬಿಸಿಲು ಬೇಕು. ಆಟಿ ತಿಂಗಳ ಮಳೆ ಇನ್ನೂ ಮುಗಿದಿಲ್ಲ, ನಮ್ಮ ಒಗೆದ ಬಟ್ಟೆಗಳೇ ಮೂರು ದಿನದಿಂದ ಫ್ಯಾನಿನ ಕೆಳಗೆ ನೇತಾಡುತ್ತಿವೆ. ಮದ್ದನ್ನು ನಾಳೆಯಿಂದ ಶುರು ಮಾಡುತ್ತೇನೆ. ಐದನೆಯ ದಿನ ಆದಿತ್ಯವಾರ. ನೀವು ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಮೇಲೆ ಎಂದು ಇಟ್ಟುಕೊಳ್ಳುವ. ಬಿಸಿಲು ಬಂದರೆ ನಾನು ತಾರಸಿಯಲ್ಲಿ ಕೆಂಪು ಸೀರೆ ಹರಡುತ್ತೇನೆ. ಅದು ಕಂಡರೆ ನೀರು ಕುದಿಯಲಿಕ್ಕೆ ಇಡಿ.

ಹೇಮಾಕ್ಷಿ

•

18 ಆಗಸ್ಟ್ 2024
ಆದಿತ್ಯವಾರ ಸಂಜೆ

ಹೇಮಾಕ್ಷಿಯವರಿಗೆ,

ಎಲ್ಲ ಆಯಿತು. ಆಂಬ್ರೋಸ್‌ನ ಕುರ್ಚಿಯ ಕುಶನ್ ಕೂಡ ಬೇಯಿಸಿದೆ. ಅದನ್ನು ಒಂದೂವರೆ ವರ್ಷದಿಂದ ಒಗೆದಿರಲಿಲ್ಲ. ಒಗೆಯಬಾರದು ಎಂದು ಇಟ್ಟಿದ್ದೆ. ಇರಲಿ.

ಪ್ರಿನ್ಸ್‌ನ ಸ್ನಾನದ ಕಿರುಚಾಟ ಇಲ್ಲಿಯವರೆಗೆ ಕೇಳಿಸಿತು. ಅದರ ಮೇಲಿನಿಂದ ನಿಮ್ಮದೂ ಕೇಳಿಸಿತು.

ಗೀರಿದ ಜಾಗಕ್ಕೆ ಹಚ್ಚಲಿಕ್ಕೆ ಮುಲಾಮು ಇಟ್ಟಿದ್ದೇನೆ. ಅರಸಿನ ಮೆತ್ತಬೇಡಿ.

ಜೂಲಿ

•

8 ಸೆಪ್ಟೆಂಬರ್ 2024

ಜೂಲಿ ಬಾಯಮ್ಮನಿಗೆ,

ನಿನ್ನೆ ಚೌತಿ ಮುಗಿಯಿತು. ಹದಿನಾಲ್ಕು ಜನ ಊಟಕ್ಕೆ ಇದ್ದರು. ಬಂಗುಡೆ ಬಿಳಿ ಟೈಲ್ಸಿನ ಮೇಲೆ ಒಬ್ಬೊಬ್ಬರ ಕಾಲಿನ ಬುಡಕ್ಕೂ ಹೋಗಿ ಬಂತು, ಎಲ್ಲಿಯೂ ಒಂದು ಚುಕ್ಕೆ ಇಲ್ಲ. ಹನ್ನೆರಡು ದಿನದಿಂದ ಕಕ್ಕ ಗಟ್ಟಿ. ಕಡ್ಡಿಯಲ್ಲಿ ಎತ್ತಿದರೆ ಎತ್ತಿದ ಹಾಗೆ ಬರುತ್ತದೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಊಟಕ್ಕೆ ಕೂತವರಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ನಿಮಗೇ ಬರೆಯಬೇಕು.

ಮೋಹನದಾಸ ಧಕ್ಕೆಯ ಸುದ್ದಿ ಎತ್ತಲಿಲ್ಲ.

ಡಬ್ಬಿಯಲ್ಲಿ ಪಂಚಕಜ್ಜಾಯ, ನಾಲ್ಕು ಉಂಡೆ ಉಂಟು. ಇವತ್ತು ನಿಮಗೂ ತೆನೆಹಬ್ಬ ಅಲ್ಲವಾ. ಹೊಸ ತೆನೆ ಹಿಡಿದುಕೊಂಡು ಬೆಳಿಗ್ಗೆ ನೀವು ಒಬ್ಬರೇ ಗೇಟು ತೆರೆದದ್ದನ್ನು ನೋಡಿದೆ.

ಹೇಮಾಕ್ಷಿ

•

10 ಸೆಪ್ಟೆಂಬರ್ 2024

ಜೂಲಿ ಬಾಯಮ್ಮನವರೇ,

ಪುನಃ ಶುರುವಾಗಿದೆ. ನಿನ್ನೆಯಿಂದ ಏಳು ಸಲ, ನೀರಿನ ಹಾಗೆ. ಇವತ್ತು ಬೆಳಿಗ್ಗೆ ಟೈಲ್ಸಿನ ಮೇಲೆ, ಮೋಹನದಾಸನ ಅಂಗಡಿಯ ಫೈಲಿನ ಮೇಲೆ. ಅವನು ಒಂದು ಕಾರ್ಡ್‌ಬೋರ್ಡ್ ಪೆಟ್ಟಿಗೆ ತಂದು ಸ್ಕ್ರೂಡ್ರೈವರಿನಿಂದ ಗಾಳಿಗೆ ತೂತು ಮಾಡಿ ಇಟ್ಟಿದ್ದಾನೆ. ಜೋರು ಮಾಡಲಿಲ್ಲ. ಜೋರು ಮಾಡಿದರೆ ನಾನು ತಿರುಗಿ ಮಾಡುತ್ತಿದ್ದೆ. "ನಾಳೆ ಬೆಳಿಗ್ಗೆ ಅಂಗಡಿಗೆ ಹೋಗುವಾಗ ಕೊಂಡುಹೋಗ್ತೇನೆ ಅಮ್ಮ, ಸಾಕು" ಎಂದ. ಮೋಕ್ಷಾ ಊಟ ಮಾಡಲಿಲ್ಲ.

ಹಾಲು ನಾನು ಮುಟ್ಟಿಸಿಲ್ಲ, ದೇವರಾಣೆ. ನಿಮ್ಮಲ್ಲಿ ಎಂತ ಆಯಿತು?

ಹೇಮಾಕ್ಷಿ

•

10 ಸೆಪ್ಟೆಂಬರ್ 2024
ಸಂಜೆ

ಹೇಮಾಕ್ಷಿಯವರಿಗೆ,

ನನ್ನಿಂದ ಆದದ್ದು.

ನಮ್ಮ ಹಬ್ಬದ ದಿನ ಇಗರ್ಜಿಯಿಂದ ತಂದ ಹೊಸ ತೆನೆಯ ಅಕ್ಕಿಯನ್ನು ತೆಂಗಿನಹಾಲು, ಬೆಲ್ಲದಲ್ಲಿ ಹಾಕಿ, ಊಟಕ್ಕೆ ಮೊದಲು ಮನೆಯವರೆಲ್ಲ ಒಂದೊಂದು ಚಮಚ ತಿನ್ನಬೇಕು. ಹಿರಿಯರು ಕಿರಿಯರಿಗೆ ಕೊಡುವುದು. ಅದು ನಿಮಗೂ ಗೊತ್ತುಂಟು, ಒಂದು ಕಾಲದಲ್ಲಿ ನಿಮ್ಮ ಮನೆಗೂ ಕಳುಹಿಸುತ್ತಿದ್ದೆವು. ಕಳೆದ ವರ್ಷ ಆಂಬ್ರೋಸ್ ಹೋದ ವರ್ಷವಾದ್ದರಿಂದ ನಾನು ಮಾಡಿರಲಿಲ್ಲ. ಈ ವರ್ಷ ಮಾಡಿದೆ. ಮೇಜಿನ ಮೇಲೆ ಬಟ್ಟಲು ಇಟ್ಟೆ. ಕೊಡಲಿಕ್ಕೆ ಯಾರೂ ಇರಲಿಲ್ಲ. ಅವನು ಕುರ್ಚಿಯ ಮೇಲೆ ಕುಳಿತು ನೋಡುತ್ತಿದ್ದ. ಒಂದು ಚಮಚ ಕೊಟ್ಟೆ. ನೆಕ್ಕಿದ. ಇನ್ನೊಂದು ಕೊಟ್ಟೆ.

ಮಕ್ಕಳ ವಾರ್ಡಿನಲ್ಲಿ ಹೊಟ್ಟೆ ಸರಿಯಿಲ್ಲದ ಮಗುವಿಗೆ ಚಾಕಲೇಟು ತಂದ ತಾಯಂದಿರಿಗೆ ನಾನು ಎಷ್ಟು ಬೈದಿದ್ದೇನೆ!

ಮೋಹನದಾಸನಿಗೆ ಹೇಳಿ, ತಪ್ಪು ನನ್ನದು ಎಂದು. ಮರಿಯದ್ದಲ್ಲ.

ಜೂಲಿ

•

11 ಸೆಪ್ಟೆಂಬರ್ 2024
ಬೆಳಿಗ್ಗೆ ಏಳು ಗಂಟೆ

ಜೂಲಿ,

ಈ ಕಾಗದದ ಜೊತೆ ಗೇಟಿನ ಒಳಗೆ ಇಟ್ಟಿರುವ ಪೆಟ್ಟಿಗೆಯಲ್ಲಿ ಬಂಗುಡೆ ಉಂಟು. ಮಗನ ಪೆಟ್ಟಿಗೆಯೇ, ತೂತು ಮಾಡಿದ್ದು ಉಪಯೋಗಕ್ಕೆ ಬಂತು. ಅವನು ಸ್ನಾನಕ್ಕೆ ಹೋದಾಗ ತಂದು ಇಟ್ಟಿದ್ದೇನೆ. ಎಲ್ಲಿ ಎಂದು ಕೇಳಿದರೆ "ಧಕ್ಕೆಗೆ ಬಿಡುವ ಕೆಲಸ ನಾನೇ ಮುಗಿಸಿದೆ, ಆದರೆ ಅಷ್ಟು ದೂರ ಹೋಗಲಿಲ್ಲ" ಎನ್ನುತ್ತೇನೆ.

ಇನ್ನು ಎರಡು ಮನೆ ಬೇಡ. ಗುಣವಾಗುವವರೆಗೆ ಅದು ನಿನ್ನ ಮನೆಯ ಒಳಗೇ ಇರಲಿ, ಬಾಗಿಲು ಹಾಕಿಡು. ನೀನೇ ಡಾಕ್ಟರಿಗೆ ತೋರಿಸು, ನೀನೇ ಮದ್ದು ಕೊಡು, ನೀನೇ ಅಳೆದು ಹಾಕು. ನಾನು ಗೋಡೆಯ ಹತ್ತಿರ ಬಂದು ಕರೆಯುವುದಿಲ್ಲ. ಕರೆದರೆ ಅದು ಕೇಳಿ ಅಳುತ್ತದೆ.

ಇದನ್ನು ಬರೆಯಲಿಕ್ಕೆ ನಿನ್ನೆ ಕೂತು ಮೂರು ಕಾಗದ ಹರಿದೆ. ಎಂಟು ವರ್ಷದ ಹಿಂದೆ ನಮ್ಮವರಿಗೆ ಎದೆ ಹಿಡಿದಾಗ ನೀನು ರಜೆಯಲ್ಲಿ ಬಂದಿದ್ದಿ. ಓಡಿ ಬಂದು ಕೈ ನಾಡಿ ನೋಡಿ, "ಹೇಮಕ್ಕ, ಇದು ಗ್ಯಾಸ್ ಅಲ್ಲ, ನನ್ನ ಕೈಗೆ ಬಿಡಿ, ಈಗಲೇ ಅತ್ತಾವರದ ಆಸ್ಪತ್ರೆಗೆ ಕೊಂಡುಹೋಗುವ" ಎಂದಿ. ನಾನು ಬಿಡಲಿಲ್ಲ. ಓಮದ ಕಷಾಯ ಕಾಯಿಸಲಿಕ್ಕೆ ಹೋದೆ. ಹದಿಮೂರನೆಯ ದಿನದ ಊಟದಲ್ಲಿ ನೀನು ಯಾರ ಹತ್ತಿರವೋ "ಅರ್ಧ ಗಂಟೆ ಮೊದಲು ಹೊರಟಿದ್ದರೆ" ಎಂದದ್ದು ನನ್ನ ಕಿವಿಗೆ ಬಿತ್ತು. ಆ ದಿನದಿಂದ ಮಾತು ಬಿಟ್ಟೆ. ನೀನು ಸುಳ್ಳು ಹೇಳಿದ್ದರೆ ನಾನು ಎರಡು ಬೈದು ಮರೆತುಬಿಡುತ್ತಿದ್ದೆ. ಸುಳ್ಳಾಗಿರಲಿಲ್ಲ, ಅದೇ ತೊಂದರೆ.

ಆಂಬ್ರೋಸರು ತೀರಿಕೊಂಡ ದಿನ ನಾನು ತಾರಸಿಯಲ್ಲಿ ನಿಂತು ಎಲ್ಲ ನೋಡಿದೆ. ಕೆಳಗೆ ಇಳಿದು ಬರಲಿಲ್ಲ. ಅದು ನನ್ನ ಲೆಕ್ಕಕ್ಕೇ ಇರಲಿ, ಅದಕ್ಕೆ ನೀನು ಎಂತದ್ದೂ ಬರೆಯಬೇಡ.

ತೆಂಗಿನಹಾಲು ಕೊಟ್ಟದ್ದಕ್ಕೆ ನಾನು ಬೈಯುವುದಿಲ್ಲ. ಬುದ್ಧಿ ಇಲ್ಲದ ಕೆಲಸ ಮಾಡಿದ್ದಿ, ಅಷ್ಟೇ.

ಅದು ಮಲಗುವ ನನ್ನ ಹಳೆಯ ಸೀರೆಯ ತುಂಡು ಪೆಟ್ಟಿಗೆಯಲ್ಲಿ ಉಂಟು. ಬೇಯಿಸಿದ್ದೇನೆ.

ಹೇಮಾಕ್ಷಿ

•

21 ಸೆಪ್ಟೆಂಬರ್ 2024

ಹೇಮಕ್ಕನಿಗೆ,

ಹತ್ತು ದಿನದ ವರದಿ ಕೊಡುತ್ತಿದ್ದೇನೆ. ಮೊದಲೇ ಕೊಡಬಹುದಿತ್ತು, ಆದರೆ ನಾಲ್ಕನೆಯ ದಿನ ನನಗೇ ಧೈರ್ಯ ಇರಲಿಲ್ಲ.

11ಕ್ಕೆ ಆರು ಸಲ, ನೀರು. ಹಿತೇಶ್ ಡಾಕ್ಟರಿಗೆ ತೋರಿಸಿದೆ. ಪುನಃ ಪರೀಕ್ಷೆ ಮಾಡಿದರು, ಗಿಯಾರ್ಡಿಯಾ ಕಾಣಲಿಲ್ಲ. ಅದು ಹೋಗಿದೆ, ಕರುಳು ಮಾತ್ರ ಇನ್ನೂ ಹಸಿ ಗಾಯದ ಹಾಗೆ ಉಂಟು, ಕೊಬ್ಬಿನ ಪದಾರ್ಥ ಒಂದು ಚಮಚ ಹೋದರೂ ಸಾಕು ಎಂದರು. ಬೇಯಿಸಿದ ಕೋಳಿ, ಸ್ವಲ್ಪ ಸಿಹಿಕುಂಬಳಕಾಯಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದು ಸಲ. ಹೊಟ್ಟೆಗೆ ಒಳ್ಳೆಯದಾಗುವ ಒಂದು ಪುಡಿ.

14ಕ್ಕೆ ತಿನ್ನಲಿಲ್ಲ. ನೀರೂ ಕುಡಿಯಲಿಲ್ಲ. ಕುತ್ತಿಗೆಯ ಚರ್ಮ ಎಳೆದರೆ ಎಳೆದಲ್ಲೇ ನಿಲ್ಲುತ್ತಿತ್ತು. ಕೂಡಲೇ ಕ್ಲಿನಿಕ್ಕಿಗೆ ಓಡಿದೆ. ಸಂಜೆಯವರೆಗೆ ಅಲ್ಲಿಯೇ ನೀರು ಏರಿಸಿದರು. ನಾನು ಬುಟ್ಟಿಯ ಪಕ್ಕ ಕುಳಿತಿದ್ದೆ. ಅವನ ಕಾಲು ನನ್ನ ಬೆರಳಷ್ಟು ಉಂಟು.

15ಕ್ಕೆ ನಿಮ್ಮ ಸೀರೆಯ ತುಂಡಿನ ಮೇಲೆ ಎದ್ದು ನಿಂತು ನನಗೆ ಬೈದ.
17ಕ್ಕೆ ಎರಡು ಸಲ, ಗಂಜಿಯ ಹಾಗೆ.
19ಕ್ಕೆ ಒಂದು ಸಲ, ಮೆದು, ಆಕಾರ ಉಂಟು.
ಇವತ್ತು ಬೆಳಿಗ್ಗೆ ಗಟ್ಟಿ. ಒಳ್ಳೆಯ ಬಣ್ಣ. ಮರಳು ಹಾಕಿ ಮುಚ್ಚಿ, ತಿರುಗಿ ನೋಡಿ, ಪುನಃ ಮುಚ್ಚಿದ.

ನಿಮ್ಮವರ ವಿಷಯ. ಅರ್ಧ ಗಂಟೆ ಮೊದಲು ಹೊರಟಿದ್ದರೂ ಉಳಿಯುತ್ತಿದ್ದರು ಎಂದು ಹೇಳಲಿಕ್ಕೆ ಯಾವ ಡಾಕ್ಟರಿಗೂ ಸಾಧ್ಯ ಇರಲಿಲ್ಲ. ಅದು ನನಗೆ ಅಂದೂ ಗೊತ್ತಿತ್ತು. ನನ್ನ ಮಾತು ಕೇಳಲಿಲ್ಲ ಎಂಬ ಸಿಟ್ಟಿನಲ್ಲಿ ಹಾಗೆ ಹೇಳಿಬಿಟ್ಟೆ. ಬರೆಯಬೇಡ ಎಂದದ್ದು ಆಂಬ್ರೋಸ್‌ನ ವಿಷಯ ಮಾತ್ರ, ಹಾಗಾಗಿ ಇದನ್ನು ಬರೆದಿದ್ದೇನೆ.

ನೀವು ಗೋಡೆಯ ಹತ್ತಿರ ಬಂದು ಕರೆಯಲಿಲ್ಲ, ನಿಜ. ಆದರೆ ದಿನವೂ ಆರೂವರೆಗೆ ಅಲ್ಲಿ ನಿಂತು ಕೆಮ್ಮುತ್ತೀರಿ. ಅವನಿಗೆ ನಿಮ್ಮ ಕೆಮ್ಮು ಗೊತ್ತಾಗುತ್ತದೆ, ಕಿವಿ ತಿರುಗಿಸುತ್ತಾನೆ.

ಜೂಲಿ

•

24 ಸೆಪ್ಟೆಂಬರ್ 2024

ಜೂಲಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅದರ ಒಂದು ಕಡೆಯನ್ನು ಮಾತ್ರ ನಾಲ್ಕು ಸಲ. ಯಾವ ಕಡೆ ಎಂದು ಬರೆಯುವುದಿಲ್ಲ.

ಮೊದಲು ಮನೆಯ ಸುದ್ದಿ. ಆ ದಿನ ಮೋಹನದಾಸ ಪೆಟ್ಟಿಗೆ ಹುಡುಕಿದ, ನಾನು ಹೇಳಬೇಕಾದ್ದು ಹೇಳಿದೆ. ಸ್ಕೂಟರಿನ ಕೀ ಕೈಗೆ ತೆಗೆದುಕೊಂಡ. ಸಿಟ್ಟು ಬರುತ್ತದೆ ಎಂದು ನಾನು ಸೆರಗು ಸಿಕ್ಕಿಸಿಕೊಂಡು ತಯಾರಾಗಿದ್ದೆ. ಅವನು "ಅವರಿಗೆ ಹೇಳಿ, ಕುದಿಸಿದ ನೀರೇ ಕೊಡ್ಲಿ" ಎಂದು ಹೇಳಿ ಹೋದ. ಎಂತ ಹೇಳುವುದು ಈ ಗಂಡಸಿಗೆ! ಧಕ್ಕೆಗೆ ಬಿಡಲಿಕ್ಕೆ ಹೊರಟವನಿಗೆ ಕುದಿಸಿದ ನೀರಿನ ಚಿಂತೆ.

ನಿನ್ನೆ ಸಂಜೆ ನಿನ್ನ ಗೇಟಿನ ಎದುರು ಒಂದು ಸ್ಕೂಟರು ನಿಂತಿತ್ತು ಅಲ್ಲವಾ? ಲೈಟು ಆರಿಸಿ ಕತ್ತು ಉದ್ದ ಮಾಡಿ ನೋಡುತ್ತಿದ್ದವ ಕಳ್ಳ ಅಲ್ಲ, ನನ್ನ ಮಗ. ಒಳಗೆ ಬಂದು "ಕಿಟಕಿಯಲ್ಲಿ ಕೂತಿತ್ತು. ಸ್ವಲ್ಪ ದಪ್ಪ ಆಗಿದೆ ಅಮ್ಮ" ಎಂದ. ನಾನು "ಯಾವುದು?" ಎಂದು ಕೇಳಿದೆ, ಅವನ ಬಾಯಿಯಿಂದ ಹೆಸರು ಬರಲಿ ಎಂದು. "ಬಂಗುಡೆ" ಎಂದ. ಮೋಕ್ಷಾ ಬಾಗಿಲ ಸಂದಿನಲ್ಲಿ ನಿಂತು ನಗುತ್ತಿದ್ದಳು.

14ನೇ ತಾರೀಕಿನದ್ದು ನನಗೆ ಬರೆಯದೆ ಇದ್ದದ್ದಕ್ಕೆ ನಿನಗೆ ಬೇರೆಯೇ ಉಂಟು, ಸಮಯ ಬರಲಿ. ಇಡೀ ದಿನ ಒಬ್ಬಳೇ ಕ್ಲಿನಿಕ್ಕಿನಲ್ಲಿ ಕೂತದ್ದು ಯಾಕೆ? ನನ್ನ ಮನೆಗೆ ಎಷ್ಟು ಹೆಜ್ಜೆ? ನಾನು ಬರುತ್ತಿದ್ದೆ. ಅಲ್ಲಿಗೆ ಬರುತ್ತಿದ್ದೆ.

ಇನ್ನೂ ಎರಡು ವಾರ ಅದನ್ನು ನಿನ್ನಲ್ಲೇ ಇಟ್ಟುಕೊ. ಅವಸರ ಇಲ್ಲ. ಹೀಗೆ ಬರೆಯುವಾಗ ನನ್ನ ಕೈ ಅವಸರ ಮಾಡುತ್ತಿದೆ, ನಾನಲ್ಲ.

ಹೇಮಾಕ್ಷಿ

•

19 ಅಕ್ಟೋಬರ್ 2024

ಜೂಲಿ,

ಬಂಗುಡೆ ಮನೆಗೆ ಬಂದು ಒಂದು ವಾರ ಆಯಿತು. ಬಂದ ದಿನವೇ ಹಾಲ್‌ನ ಬಿಳಿ ಟೈಲ್ಸನ್ನು ಒಂದು ಸುತ್ತು ಮೂಸಿ, ಎಂತದ್ದೂ ಮಾಡದೆ, ಮೋಹನದಾಸ ತಂದ ಹೊಸ ಟಬ್ಬಿಗೆ ಹೋಯಿತು. ಹೌದು, ಅವನೇ ತಂದದ್ದು. "ಅಂಗಡಿಗೆ ಹೋಗುವ ದಾರಿಯಲ್ಲಿ ಸಿಕ್ತು" ಎಂದ. ಸತ್ಯ ದಾರಿಯಲ್ಲಿ ಸಿಕ್ಕಿದರೆ ಇವನು ಬೇರೆ ದಾರಿ ಹಿಡಿದು ಬರುವವ. ಧಕ್ಕೆಯ ಮಾತು ಇನ್ನು ಈ ಮನೆಯಲ್ಲಿ ಇಲ್ಲ, ನಾನು ನೇರವಾಗಿ ಕೇಳಿದೆ. "ನಾಲ್ಕು ಟೈಲ್ಸ್ ಹೋದ್ರೆ ನಾಲ್ಕು ಹಾಕಿಸುವ, ಬಿಡಿ" ಎಂದ.

ಮೊನ್ನೆ ಕೊನೆಯ ಪರೀಕ್ಷೆಯ ಚೀಟಿ ಬಂತು. ಎಂತದ್ದೂ ಇಲ್ಲ. ಡಾಕ್ಟರು ಎರಡು ಚೀಟಿಯನ್ನೂ ಸೇರಿಸಿ ಒಂದೇ ಫೈಲು ಮಾಡಿದ್ದಾನೆ. ಹೆಸರಿನ ಜಾಗದಲ್ಲಿ ಎಂತ ಬರೆಯಲಿ ಎಂದು ಕೇಳಿದ, ಎರಡೂ ಬರೆ ಎಂದೆ. ಬಂಗುಡೆ ಪ್ರಿನ್ಸ್. ಕೇಳಿದರೆ ಧಕ್ಕೆಯ ಬೋಟಿನ ಹೆಸರಿನ ಹಾಗೆ ಉಂಟು. ಇರಲಿ, ಎರಡು ಮನೆಯಲ್ಲಿ ಉಣ್ಣುವವನಿಗೆ ಒಂದು ಹೆಸರು ಸಾಕಾಗುವುದಿಲ್ಲ. ಆರೂವರೆಗೆ ನಿನ್ನಲ್ಲಿಗೆ ಬರುವುದನ್ನು ನಾನು ತಡೆಯುವುದಿಲ್ಲ. ಹಾಕುವುದು ನಾಲ್ಕೇ ಚೂರು.

ಈಗ ಮುಖ್ಯ ವಿಷಯ. ಹೊಟ್ಟೆ ಸರಿಯಾಗಲಿ ಎಂದು ತಡೆದಿದ್ದ ಲಸಿಕೆಯ ಇಂಜೆಕ್ಷನನ್ನು ಸೋಮವಾರ ಹತ್ತು ಗಂಟೆಗೆ ಕೊಡುತ್ತಾರೆ. "ಅಜ್ಜಿ, ಸಾಕುವವರು ಇಬ್ಬರೂ ಬರ್ಬೇಕು. ಹೇಳುವುದನ್ನು ಇಬ್ಬರ ಎದುರು ಒಂದೇ ಸಲ ಹೇಳ್ತೇನೆ. ಇನ್ನೊಮ್ಮೆ ಎರಡೆರಡು ಆಗುವುದು ಬೇಡ" ಎಂದ ಡಾಕ್ಟರು. ಅವನು ಹೇಳುವುದರಲ್ಲಿ ತಪ್ಪಿಲ್ಲ. ದೀಪೇಶನಿಗೆ ಒಂಬತ್ತೂವರೆಗೆ ಬರಲಿಕ್ಕೆ ಹೇಳಿದ್ದೇನೆ.

ನಾನು ಎಲ್ಲ ಯೋಚನೆ ಮಾಡಿದೆ. ಬುಟ್ಟಿ ನಿನ್ನ ಮಡಿಲಲ್ಲಿ ಇರಲಿ, ನನಗೆ ಗೀರುತ್ತದೆ. ಕಿಟಕಿಯ ಬದಿ ನನಗೆ ಬೇಕು, ಇಲ್ಲದಿದ್ದರೆ ತಲೆ ತಿರುಗುತ್ತದೆ. ನಂತೂರಿನಲ್ಲಿ ಬ್ಲಾಕ್ ಆದರೆ ಅರ್ಧ ಗಂಟೆ ಅಲ್ಲಾಡಲಿಕ್ಕೆ ಇಲ್ಲ. ಅಷ್ಟು ಹೊತ್ತು ಪಕ್ಕದಲ್ಲೇ ಕೂತವಳಿಗೆ ಚೀಟಿ ಬರೆದು ಕೊಡಲಿಕ್ಕೆ ನನ್ನಿಂದ ಆಗದು. ರಸ್ತೆಯ ಹೊಂಡಕ್ಕೆ ಅಕ್ಷರ ಎಲ್ಲ ಹಾರುತ್ತದೆ, ಕನ್ನಡಕವೂ ತರುವುದಿಲ್ಲ.

ಹಾಗಾಗಿ ಇದು ಕೊನೆಯ ಕಾಗದ. ಪ್ರಾಯದಲ್ಲಿ ನಾನು ನಾಲ್ಕು ವರ್ಷ ದೊಡ್ಡವಳು. ಮೊದಲ ಮಾತು ನಾನು ಆಡುವುದಿಲ್ಲ, ನೀನು ಆಡು. ಅದರ ನಂತರದ್ದನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ.

ಹೇಮಕ್ಕ